ಓದುಗರ ಪ್ರಶ್ನೆಗಳಿಗೆ ಉತ್ತರ: ಬಡಾವಣೆಯ ಪಾರ್ಕು, ಊರಿನ ಮೈದಾನ

ಈ ಸಂಚಿಕೆಗೆ ಕೊಡಗಿನ ಓದುಗರ ಪತ್ರಗಳನ್ನು ಆರಿಸಿಕೊಂಡಿದ್ದೇವೆ. ಎಲ್ಲವೂ ಪಾರ್ಕು ಮತ್ತು ಆಟದ ಮೈದಾನಗಳ ಅಭಿವೃದ್ಧಿಗೆ ಸಂಬಂಧಿಸಿದವು. ಪತ್ರಗಳು ದೀರ್ಘವಾಗಿದ್ದುದರಿಂದ ಅವುಗಳ ಸಾರವನ್ನಷ್ಟೇ ಕೊಟ್ಟಿದ್ದೇವೆ. ಬರೆದವರ ಹೆಸರನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಸುಮಾರು 20 ಸೆಂಟ್ ಜಾಗವಿದೆ. ಅದರಲ್ಲಿ ಹಳೆಯದೊಂದು ಜಾರುಬಂಡಿ, ತುಕ್ಕು ಹಿಡಿದ ಉಯ್ಯಾಲೆ ಬಿಟ್ಟರೆ ಬೇರೇನೂ ಇಲ್ಲ. ಈಗ ಅನುದಾನ ಸಿಗುವ ಸೂಚನೆ ಇದೆ. ನಿವಾಸಿಗಳ ಸಭೆಯಲ್ಲಿ ಕೆಲವರು ಓಪನ್ ಜಿಮ್ ಬೇಕೆನ್ನುತ್ತಾರೆ, ಕೆಲವರು ಇಂಟರ್‌ಲಾಕ್ ಹಾಕಿದ ನಡಿಗೆ ಪಥ, ಇನ್ನು ಕೆಲವರು ಕಾರಂಜಿ. ನಾವು ಯೋಜನೆಯನ್ನು ಎಲ್ಲಿಂದ ಆರಂಭಿಸಬೇಕು? — ಓದುಗರು, ಮಡಿಕೇರಿ

ಉತ್ತರ: ಸಾಮಾನುಗಳ ಪಟ್ಟಿಯಿಂದ ಆರಂಭಿಸಬೇಡಿ ಎಂಬುದೇ ನಮ್ಮ ಮೊದಲ ಮಾತು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಆದ್ದರಿಂದ ನಿಮ್ಮ ಪಾರ್ಕಿನ ನಕ್ಷೆ ಬರೆಯುವ ಮೊದಲು ಜುಲೈ-ಆಗಸ್ಟ್‌ನ ಕಕ್ಕಡ ಮಾಸದ ಮಳೆಯಲ್ಲಿ ಕೊಡೆ ಹಿಡಿದು ಆ ಜಾಗದಲ್ಲಿ ಒಂದು ಸುತ್ತು ಹಾಕಿ, ಮೇಲಿನ ರಸ್ತೆಯ ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಕೆಳಗಿನ ಯಾರ ಮನೆಯ ಹಿತ್ತಲಿಗೆ ಇಳಿಯುತ್ತದೆ ಎಂಬುದನ್ನು ಕಾಗದದ ಮೇಲೆ ಗುರುತು ಮಾಡಿಕೊಳ್ಳಿ. ಬೇಸಿಗೆಯಲ್ಲಿ ಎಂಜಿನಿಯರ್ ಬಂದು ಟೇಪು ಹಿಡಿದು ಅಳೆದಾಗ ಈ ವಿವರ ಅವರ ಕಣ್ಣಿಗೆ ಬೀಳುವುದಿಲ್ಲ; ಅದನ್ನು ಕೊಡಬೇಕಾದವರು ಅಲ್ಲಿಯೇ ವಾಸಿಸುವ ನೀವು.

ಎರಡನೆಯದಾಗಿ, ಈಗ ಆ ಜಾಗವನ್ನು ಯಾರು, ಯಾವ ಹೊತ್ತಿನಲ್ಲಿ ಬಳಸುತ್ತಾರೆ ಎಂಬುದನ್ನು ಒಂದು ವಾರ ಗಮನಿಸಿ ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ನಡೆಯುವ ಹಿರಿಯರು, ಶಾಲೆ ಬಿಟ್ಟ ಮೇಲೆ ಬರುವ ಮಕ್ಕಳು, ಸಂಜೆ ಮಗುವನ್ನು ಎತ್ತಿಕೊಂಡು ಬರುವ ತಾಯಂದಿರು, ಇವರೆಲ್ಲರಿಗೂ ಬೇಕಾದದ್ದು ಬೇರೆ ಬೇರೆ. ಸಭೆಗೆ ಬಂದು ಗಟ್ಟಿಯಾಗಿ ಮಾತನಾಡುವವರ ಬೇಡಿಕೆಯೇ ಯೋಜನೆಯಾಗಿಬಿಡುವುದನ್ನು ತಪ್ಪಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಸಭೆಗೆ ಬಾರದ ಮನೆಕೆಲಸದವರು, ಬಾಡಿಗೆ ಮನೆಯವರು, ಮುಖ್ಯವಾಗಿ ಮಕ್ಕಳು ಹೇಳುವುದನ್ನೂ ಬರೆದುಕೊಳ್ಳಿ.

ಇನ್ನು ನೀವು ಹೆಸರಿಸಿದ ಮೂರು ಬೇಡಿಕೆಗಳ ವಿಷಯ. ಇಂಟರ್‌ಲಾಕ್ ಪಥವು ನೋಡಲು ಅಚ್ಚುಕಟ್ಟು. ಆದರೆ ಮರದ ನೆರಳಿನಲ್ಲಿ, ನೀರು ಹರಿದುಹೋಗದ ಕಡೆಯಲ್ಲಿ ಜುಲೈ ಹೊತ್ತಿಗೆ ಅದರ ಮೇಲೆ ಪಾಚಿ ಕಟ್ಟುತ್ತದೆ, ಅರವತ್ತು ದಾಟಿದವರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳಲು ಅಷ್ಟು ಸಾಕು. ಹಾಕಲೇಬೇಕೆಂದಿದ್ದರೆ ಒರಟು ಮೇಲ್ಮೈಯ ಕಲ್ಲನ್ನು ಆರಿಸಿ, ಅಡಿಯಲ್ಲಿ ಜಲ್ಲಿಯ ಹಾಸು ಕೊಡಿಸಿ, ಪಥವನ್ನು ಒಂದು ಬದಿಗೆ ಸ್ವಲ್ಪ ಓರೆ ಮಾಡಿಸಿ, ಆ ಬದಿಯಲ್ಲಿ ತೆರೆದ ಚರಂಡಿ ಇಡಿಸಿ. ಗಾಲಿಕುರ್ಚಿಯಲ್ಲಿ ಬರುವವರಿಗಾಗಿ ಗೇಟಿನ ಬಳಿ ಮೆಟ್ಟಿಲಿನ ಜೊತೆಗೆ ಇಳಿಜಾರು ದಾರಿಯೂ ಇರಲಿ. ಒಂದು ಅಡಿ ಏರಲು 12 ಅಡಿ ಉದ್ದ ಎಂಬುದು ಒಪ್ಪಿತ ಅಳತೆ. ಓಪನ್ ಜಿಮ್ ಬೇಡವೆನ್ನುವುದಿಲ್ಲ, ಆದರೆ ಅದರ ಬೇರಿಂಗುಗಳಿಗೆ ಗ್ರೀಸ್ ಹಾಕುವವರು ಯಾರೆಂದು ಗೊತ್ತಾಗುವವರೆಗೆ ತರಿಸಬೇಡಿ. ಕಾರಂಜಿಯನ್ನು ಕೈಬಿಡಿ. ಆ ಹಣದಲ್ಲಿ ನಾಲ್ಕು ಕಡೆ ತೆರೆದಿರುವ, ಮಾಡು ಚೆನ್ನಾಗಿ ಹೊರಚಾಚಿದ ಒಂದು ಮಂಟಪ ಕಟ್ಟಿಸಿದರೆ ವರ್ಷದ ನಾಲ್ಕು ತಿಂಗಳು ಮನೆಯೊಳಗೇ ಕೂಡಿಹೋಗುವ ಮಕ್ಕಳಿಗೂ ಹಿರಿಯರಿಗೂ ಒಂದು ತಾವು ಸಿಕ್ಕಂತಾಗುತ್ತದೆ. ಮಡಿಕೇರಿಯ ಪಾರ್ಕಿನಲ್ಲಿ ಸೂರಿರುವ ಜಾಗವೇ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಜಾಗವೆಂದು ನಾವು ನಂಬುತ್ತೇವೆ.

ಉಯ್ಯಾಲೆಯನ್ನು ಹೊಸದಾಗಿ ಹಾಕುವಾಗ ಅಳತೆಯ ಬಗ್ಗೆ ಪಟ್ಟು ಹಿಡಿಯಿರಿ. ಸರಪಳಿ ಕಟ್ಟಿದ ಅಡ್ಡಪಟ್ಟಿ 8 ಅಡಿ ಎತ್ತರದಲ್ಲಿದ್ದರೆ ಮುಂದಕ್ಕೆ 16 ಅಡಿ, ಹಿಂದಕ್ಕೆ 16 ಅಡಿ ಖಾಲಿ ಜಾಗ ಬೇಕು, ಅಂದರೆ ಎತ್ತರದ ಎರಡು ಪಟ್ಟು ಎರಡೂ ಕಡೆಗೆ. ಜಾರುಬಂಡಿಯಂಥ ಉಳಿದ ಸಾಮಾನುಗಳ ಸುತ್ತ ಕನಿಷ್ಠ 6 ಅಡಿ ಇರಲಿ. ಅಡಿಯಲ್ಲಿ ಕಾಂಕ್ರೀಟ್ ಅಥವಾ ಇಂಟರ್‌ಲಾಕ್ ಇರಲೇಬಾರದು; ಸುಮಾರು ಒಂದು ಅಡಿ ಆಳಕ್ಕೆ ಮರಳು ತುಂಬಿಸಿ, ಆ ಮರಳಿನಡಿಯ ನೀರು ಹೊರಹೋಗಲು ಕೊಳವೆ ಇಡಿಸಿ. ಇಲ್ಲದಿದ್ದರೆ ಮೊದಲ ಮಳೆಗೇ ಅದು ಹೊಂಡವಾಗುತ್ತದೆ.

ಪ್ರಶ್ನೆ: ನಮ್ಮ ಊರಿನ ಮೈದಾನ ಇಳಿಜಾರಿನಲ್ಲಿದೆ. ಹಾಕಿ, ಫುಟ್‌ಬಾಲ್, ಕ್ರಿಕೆಟ್ ಎಲ್ಲವನ್ನೂ ಅದರಲ್ಲೇ ಆಡುತ್ತೇವೆ. ಶಾಸಕರ ಅನುದಾನ ದೊರೆತರೆ ಜೆಸಿಬಿ ತರಿಸಿ ಸಮತಟ್ಟು ಮಾಡಿ ಪೂರ್ಣ ಅಳತೆಯ ಹಾಕಿ ಮೈದಾನ ಮಾಡಬೇಕೆಂದು ಸಂಘದಲ್ಲಿ ತೀರ್ಮಾನವಾಗಿದೆ. ಮುಂದೆ ಟರ್ಫ್ ಹಾಕಿಸುವ ಆಸೆಯೂ ಇದೆ. ತಾವು ಏನು ಸಲಹೆ ಕೊಡುತ್ತೀರಿ? — ಯುವಕ ಸಂಘವೊಂದರ ಕಾರ್ಯದರ್ಶಿ, ವಿರಾಜಪೇಟೆ ತಾಲ್ಲೂಕು

ಉತ್ತರ: 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವ ಆರಂಭವಾದ ನಾಡಿನಲ್ಲಿ, 1980ರ ಮಾಸ್ಕೋ ಒಲಿಂಪಿಕ್ಸ್‌ನ ಚಿನ್ನದ ತಂಡದಲ್ಲಿದ್ದ ಎಂ.ಎಂ. ಸೋಮಯ್ಯ, ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರಂಥ ಆಟಗಾರರನ್ನು ಕೊಟ್ಟ ಜಿಲ್ಲೆಯಲ್ಲಿ, ಪ್ರತಿ ಊರೂ ಪೂರ್ಣ ಅಳತೆಯ ಹಾಕಿ ಮೈದಾನವನ್ನು ಬಯಸುವುದು ಸಹಜ. ಆದರೂ ಜೆಸಿಬಿಯನ್ನು ಕರೆಯುವ ಮೊದಲು ಒಂದು ಲೆಕ್ಕ ಹಾಕಬೇಕು.

ಹಾಕಿ ಮೈದಾನದ ಉದ್ದ 91.40 ಮೀಟರ್, ಅಗಲ 55 ಮೀಟರ್. ಸುತ್ತಲಿನ ಓಟದ ಜಾಗವನ್ನೂ ಸೇರಿಸಿದರೆ ಒಂದೂವರೆ ಎಕರೆಗಿಂತ ಹೆಚ್ಚು ಬೇಕು. ನಿಮ್ಮ ಜಾಗ ಅಗಲಕ್ಕೆ ಹತ್ತು ಅಡಿಗೆ ಒಂದು ಅಡಿಯಂತೆ ಇಳಿಯುತ್ತದೆ ಎಂದುಕೊಳ್ಳೋಣ. ಕೊಡಗಿನಲ್ಲಿ ಅದು ಕಡಿದಾದ ಇಳಿಜಾರೇನೂ ಅಲ್ಲ. ಹಾಗಿದ್ದರೂ 55 ಮೀಟರ್ ಅಗಲದಲ್ಲಿ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ಐದೂವರೆ ಮೀಟರ್ ವ್ಯತ್ಯಾಸ ಬರುತ್ತದೆ. ಸಮತಟ್ಟು ಮಾಡುವುದೆಂದರೆ ಮೇಲ್ಗಡೆ ಸುಮಾರು ಒಂಬತ್ತು ಅಡಿ ಎತ್ತರದ ಬರೆಯನ್ನು, ಅಂದರೆ ಮಣ್ಣಿನ ಕಡಿದಾದ ಗೋಡೆಯನ್ನು, ಕತ್ತರಿಸಿ ನಿಲ್ಲಿಸುವುದು, ಕೆಳಗಡೆ ಒಂಬತ್ತು ಅಡಿ ಎತ್ತರಕ್ಕೆ ಸಡಿಲ ಮಣ್ಣು ತುಂಬುವುದು ಎಂದರ್ಥ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಮುತ್ತ, 2019ರಲ್ಲಿ ನಿಮ್ಮದೇ ತಾಲ್ಲೂಕಿನ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡಗಳು ಜೀವಗಳನ್ನು ಬಲಿ ತೆಗೆದುಕೊಂಡದ್ದನ್ನು ಕಂಡ ನಾವು, ಇಳಿಜಾರಿನ ಬುಡವನ್ನು ಕತ್ತರಿಸುವ ಯಾವ ಕಾಮಗಾರಿಯನ್ನೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ತುಂಬಿದ ಮಣ್ಣಿನ ಕೆಳಗೆ ತೋಟದ ಕಾರ್ಮಿಕರ ಒಂದು ಲೈನ್ ಮನೆಯೋ ರಸ್ತೆಯೋ ಇದ್ದರೆ, ಮೈದಾನದ ಪೂರ್ಣ ಅಳತೆಗಾಗಿ ಆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಬಾರದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಹಾಗಾದರೆ ಏನು ಮಾಡಬಹುದು? ಅದೇ ಜಾಗವನ್ನು ಎರಡು ಹಂತಗಳಾಗಿ ವಿಂಗಡಿಸುವುದು ಒಂದು ದಾರಿ. ಐದೈದು ಜನರ ಹಾಕಿಗೆ ಪೂರ್ಣ ಮೈದಾನದ ಅರ್ಧಕ್ಕಿಂತ ಕಡಿಮೆ ಜಾಗ ಸಾಕು. ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮೇಲಿನ ಹಂತದಲ್ಲಿ ಸಣ್ಣ ಅಂಕಣಗಳು, ಕೆಳಗಿನ ಹಂತದಲ್ಲಿ ಕಿರಿಯ ಅಳತೆಯ ಹಾಕಿ ಮತ್ತು ಫುಟ್‌ಬಾಲ್ ಮೈದಾನ, ಎರಡರ ನಡುವಿನ ಇಳಿಜಾರಿನಲ್ಲಿ ಹುಲ್ಲಿನ ಮೆಟ್ಟಿಲುಗಳ ಮೇಲೆ ಪ್ರೇಕ್ಷಕರು ಎಂದು ಯೋಚಿಸಿದರೆ ಕತ್ತರಿಸುವ ಎತ್ತರ ಅರ್ಧಕ್ಕೆ ಇಳಿಯುತ್ತದೆ. ಪೂರ್ಣ ಅಳತೆಯ ಮೈದಾನವನ್ನು ಸುತ್ತಲಿನ ನಾಲ್ಕಾರು ಊರುಗಳು ಸೇರಿ, ಸಹಜವಾಗಿಯೇ ಸಮತಟ್ಟಾದ ಒಂದೇ ಕಡೆ ಮಾಡಿಕೊಳ್ಳುವುದು ಲೇಸು.

ಎಷ್ಟೇ ಅಳತೆಯದಾದರೂ ಮೈದಾನದ ಉದ್ದ ಉತ್ತರ-ದಕ್ಷಿಣವಾಗಿರಲಿ. ಇಲ್ಲವಾದರೆ ಸಂಜೆಯ ಪಂದ್ಯದಲ್ಲಿ ಒಂದು ಕಡೆಯ ಗೋಲ್‌ಕೀಪರ್ ಸೂರ್ಯನನ್ನೇ ನೋಡುತ್ತ ನಿಲ್ಲಬೇಕಾಗುತ್ತದೆ. ಮಣ್ಣನ್ನು ಒಮ್ಮೆಲೇ ಸುರಿದು ಮೇಲೆ ರೋಲರ್ ಓಡಿಸಿದರೆ ಮೇಲ್ಪದರ ಮಾತ್ರ ಗಟ್ಟಿಯಾಗುತ್ತದೆ. ಒಂದು ಅಡಿಗಿಂತ ತೆಳುವಾದ ಪದರಗಳಲ್ಲಿ ಹಾಕಿ, ಪ್ರತಿ ಪದರವನ್ನೂ ಹದವಾದ ತೇವದಲ್ಲಿ ಅದುಮಿಸಬೇಕು, ಇದನ್ನು ಅಂದಾಜುಪಟ್ಟಿಯಲ್ಲಿಯೇ ಬರೆಸಬೇಕು. ತಡೆಗೋಡೆ ಕಟ್ಟಿಸಿದರೆ ಅದರ ಹಿಂದೆ ಜಲ್ಲಿಯ ತುಂಬುವಿಕೆ ಮತ್ತು ಗೋಡೆಯಲ್ಲಿ ನೀರು ಹೊರಬರುವ ಕಿಂಡಿಗಳು ಇರಲೇಬೇಕು, ಏಕೆಂದರೆ ಅನೇಕ ಗೋಡೆಗಳನ್ನು ಉರುಳಿಸುವುದು ಮಣ್ಣಿನ ಭಾರಕ್ಕಿಂತ ಹೆಚ್ಚಾಗಿ ಅವುಗಳ ಬೆನ್ನಿಗೆ ನಿಂತ ನೀರಿನ ಒತ್ತಡ. ಕತ್ತರಿಸಿದ ಬರೆಯ ನೆತ್ತಿಯಲ್ಲಿ ಮೇಲಿನ ನೀರನ್ನು ತಡೆದು ಬದಿಗೆ ಒಯ್ಯುವ ಕಣಿ ತೋಡಿಸಿ, ಬರೆಯ ಮೈಗೆ ಲಾವಂಚ ನೆಡಿಸಿ.

ಮೈದಾನದ ಮೇಲ್ಮೈಯೂ ಚಪ್ಪಟೆಯಾಗಿರಬಾರದು. ಒಂದು ಎಕರೆ ನೆಲದ ಮೇಲೆ ಒಂದೇ ದಿನ 100 ಮಿಲಿಮೀಟರ್ ಮಳೆ ಬಿದ್ದರೆ ನಾಲ್ಕು ಲಕ್ಷ ಲೀಟರ್ ನೀರು ಸೇರುತ್ತದೆ, ಮುಂಗಾರಿನಲ್ಲಿ ಅಂಥ ದಿನಗಳು ನಮಗೆ ಅಪರೂಪವಲ್ಲ. ನಡುಗೆರೆಯಿಂದ ಎರಡೂ ಅಂಚುಗಳಿಗೆ ನೂರಕ್ಕೆ ಒಂದರಂತೆ ಇಳಿಜಾರು ಕೊಟ್ಟರೆ, 55 ಮೀಟರ್ ಅಗಲದ ಮೈದಾನದ ನಡುಭಾಗ ಅಂಚಿಗಿಂತ ಸುಮಾರು 27 ಸೆಂಟಿಮೀಟರ್ ಎತ್ತರವಿರುತ್ತದೆ. ಆಡುವವರಿಗೆ ಅದು ಗೊತ್ತೂ ಆಗುವುದಿಲ್ಲ, ನೀರು ಮಾತ್ರ ನಿಲ್ಲುವುದಿಲ್ಲ. ಹುಲ್ಲಿಗೆ ಬಿಸಿಲು ಬೀಳುವ ಕಡೆ ಗರಿಕೆ ಒಳ್ಳೆಯದು. ಜೂನ್‌ನಲ್ಲಿ ನೆಟ್ಟರೆ ಭಾರೀ ಮಳೆಗೆ ಬೇರು ಹಿಡಿಯುವ ಮೊದಲೇ ಮಣ್ಣಿನೊಂದಿಗೆ ಕೊಚ್ಚಿಹೋಗುವ ಭಯವಿರುವುದರಿಂದ, ಸೆಪ್ಟೆಂಬರ್ ಕೊನೆಯ ಹದಮಳೆಯಲ್ಲಿ ನೆಡಿ. ನಮ್ಮ ಮಣ್ಣು ಹುಳಿ ಸ್ವಭಾವದ್ದೆಂಬುದೂ ಅದಕ್ಕೆ ಸುಣ್ಣ ಬೇಕೆಂಬುದೂ ಕಾಫಿ ತೋಟ ಮಾಡುವ ನಿಮಗೆ ತಿಳಿದೇ ಇದೆ. ಮಣ್ಣು ಪರೀಕ್ಷೆ ಮಾಡಿಸಿ ಮೈದಾನಕ್ಕೂ ಅದನ್ನೇ ಕೊಡಿ.

ಟರ್ಫಿನ ವಿಷಯದಲ್ಲಿ ನಮ್ಮ ಉತ್ತರ ನಿಮಗೆ ನಿರಾಸೆ ಉಂಟುಮಾಡಬಹುದು. ಹಾಕಿಯ ಕೃತಕ ಹುಲ್ಲಿಗೆ ಕೋಟಿಗಟ್ಟಲೆ ಹಣ ಬೇಕು, ಆಡುವ ಮೊದಲು ನೀರುಣಿಸಬೇಕು, ಕೆಲವು ವರ್ಷಗಳ ನಂತರ ಬದಲಿಸಬೇಕು. ತಾಲ್ಲೂಕಿಗೊಂದು ಒಳ್ಳೆಯ ಟರ್ಫ್ ಇದ್ದು ಉಳಿದ ಊರುಗಳಲ್ಲಿ ನೀರು ನಿಲ್ಲದ ಹುಲ್ಲಿನ ಮೈದಾನಗಳಿದ್ದರೆ ಆಟ ಹೆಚ್ಚು ಬೆಳೆಯುತ್ತದೆ. ಸಣ್ಣ ಮಕ್ಕಳು ಕೋಲು ಹಿಡಿಯಲು ಕಲಿಯುವುದು ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಮೈದಾನದಲ್ಲಿ.

ಕಾಮಗಾರಿಯ ಕಾಲವನ್ನೂ ಈಗಲೇ ನಿಗದಿ ಮಾಡಿಕೊಳ್ಳಿ. ನವೆಂಬರ್‌ನಿಂದ ಕಾಫಿ ಕುಯ್ಲು ಆರಂಭವಾದರೆ ಕೆಲಸದವರು ಸಿಗುವುದಿಲ್ಲ, ಏಪ್ರಿಲ್-ಮೇ ತಿಂಗಳುಗಳಲ್ಲಿ ಪಂದ್ಯಗಳಿಗೆ ಮೈದಾನ ಬೇಕು, ಜೂನ್‌ನಲ್ಲಿ ಮಳೆ. ಮಣ್ಣಿನ ಕೆಲಸಕ್ಕೆ ಫೆಬ್ರವರಿ-ಮಾರ್ಚ್ ಮಾತ್ರ ಉಳಿಯುತ್ತದೆ. ಅಷ್ಟರೊಳಗೆ ಅಂದಾಜುಪಟ್ಟಿ, ಮಂಜೂರಾತಿ, ಟೆಂಡರ್ ಮುಗಿಯಬೇಕಾದರೆ ಗ್ರಾಮಸಭೆಯಲ್ಲಿ ನಿರ್ಣಯ ಅಕ್ಟೋಬರ್‌ನಲ್ಲೇ ಆಗಬೇಕು. ಮಾರ್ಚ್ 31ರೊಳಗೆ ಹಣ ಖರ್ಚು ಮಾಡುವ ಅವಸರದಲ್ಲಿ ಮಾಡಿದ ಮಣ್ಣಿನ ಕೆಲಸ ಜೂನ್‌ನಲ್ಲಿ ತೊಳೆದುಹೋಗುವುದನ್ನು ನೋಡಿ ನೊಂದು ಬರೆದ ಓದುಗರು ಒಬ್ಬಿಬ್ಬರಲ್ಲ.

ಪ್ರಶ್ನೆ: ತಲೆಮಾರುಗಳಿಂದ ನಮ್ಮ ಊರಿನ ಮಕ್ಕಳು ಆಡುತ್ತಿರುವ ಬಯಲು ಪೈಸಾರಿ ಜಾಗ, ಅಂದರೆ ಸರ್ಕಾರಿ ಪಾಳುಭೂಮಿ. ಈಗ ಅದರ ಒಂದು ಬದಿಗೆ ಯಾರೋ ಬೇಲಿ ಹಾಕಿದ್ದಾರೆ, ಇನ್ನೊಂದು ಬದಿಯಲ್ಲಿ ಸಮುದಾಯ ಭವನ ಕಟ್ಟುವ ಮಾತು ಕೇಳಿಬರುತ್ತಿದೆ. ಅಭಿವೃದ್ಧಿಗೆ ಹಣ ಕೇಳುವ ಮೊದಲು ಜಾಗವನ್ನು ಉಳಿಸಿಕೊಳ್ಳುವುದು ಹೇಗೆ? — ನಿವೃತ್ತ ಶಿಕ್ಷಕರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ತಾವು ಸರಿಯಾದ ಕ್ರಮದಲ್ಲಿ ಯೋಚಿಸುತ್ತಿದ್ದೀರಿ. ಮೈದಾನವೆಂದು ಊರವರೆಲ್ಲ ಕರೆದ ಮಾತ್ರಕ್ಕೆ ದಾಖಲೆಯಲ್ಲಿ ಅದು ಮೈದಾನವಾಗುವುದಿಲ್ಲ. ಪಹಣಿ ಮತ್ತು ಸರ್ವೆ ನಕ್ಷೆ ತೆಗೆಸಿ ಆ ಸರ್ವೆ ನಂಬರಿನಲ್ಲಿ ಏನೆಂದು ನಮೂದಾಗಿದೆ ನೋಡಿ. ಸರ್ಕಾರಿ ಜಾಗವೇ ಆಗಿದ್ದರೆ, 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 71ನೇ ಪ್ರಕರಣದಡಿ ಅದನ್ನು ಸಾರ್ವಜನಿಕ ಉದ್ದೇಶಕ್ಕೆ, ಅಂದರೆ ಆಟದ ಮೈದಾನಕ್ಕೆ, ಕಾಯ್ದಿರಿಸಬೇಕೆಂದು ಜಿಲ್ಲಾಧಿಕಾರಿಗಳಿಗೆ ಮನವಿ ಕೊಡಬಹುದು. ಹಾಗೆ ಕಾಯ್ದಿರಿಸಿದ ಜಾಗವನ್ನು ಅವರ ಮಂಜೂರಾತಿಯಿಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಮನವಿಯೊಂದಿಗೆ ಗ್ರಾಮಸಭೆಯ ನಿರ್ಣಯದ ಪ್ರತಿ, ಹಳೆಯ ಕ್ರೀಡಾಕೂಟಗಳ ಆಹ್ವಾನ ಪತ್ರಿಕೆ, ಛಾಯಾಚಿತ್ರಗಳಿದ್ದರೆ ಅವು, ಶಾಲೆಯವರ ಪತ್ರ ಇವನ್ನೆಲ್ಲ ಲಗತ್ತಿಸಿ. ನಂತರ ಸರ್ವೆಯವರಿಂದ ಗಡಿ ಗುರುತಿಸಿ ಕಲ್ಲು ನೆಡಿಸಿ. ಬೇಲಿ ಹಾಕಿದವರೊಂದಿಗೆ ಮಾತುಕತೆಯಾಗಬೇಕಿದ್ದರೂ ಗಡಿಕಲ್ಲು ನೆಟ್ಟ ಮೇಲೆ ಆಗಲಿ. ಅಳತೆಯಿಲ್ಲದ ಮಾತು ಜಗಳಕ್ಕೆ ತಿರುಗುತ್ತದೆ.

ಪಟ್ಟಣದ ಓದುಗರಿಗೂ ಇಲ್ಲಿಯೇ ಒಂದು ಮಾತು. ಪಾರ್ಕು, ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣೆಗಾಗಿಯೇ ಕರ್ನಾಟಕದಲ್ಲಿ 1985ರ ಅಧಿನಿಯಮವಿದೆ. ಬೆಂಗಳೂರಿನ ಬಡಾವಣೆಯೊಂದರಲ್ಲಿ ಪಾರ್ಕಿಗೆ ಮೀಸಲಾಗಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟದ್ದನ್ನು 1991ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವೆಂದು ಹೆಸರಾದ ಆ ತೀರ್ಪು, ಅಂಥ ಹಂಚಿಕೆಯನ್ನು ಪ್ರಶ್ನಿಸುವ ಹಕ್ಕು ಅಲ್ಲಿನ ನಿವಾಸಿಗಳಿಗೆ ಇದೆಯೆಂದು ಎತ್ತಿಹಿಡಿಯಿತು. ಬಡಾವಣೆಯ ಮಂಜೂರಾದ ನಕ್ಷೆ ಕೈಯಲ್ಲಿಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಿ. 30 ದಿನಗಳೊಳಗೆ ಉತ್ತರ ಕೊಡಬೇಕು.

ಸಮುದಾಯ ಭವನವೂ ಊರಿಗೆ ಬೇಕಾದದ್ದೇ, ಅದನ್ನು ವಿರೋಧಿಸುವ ಅಗತ್ಯವಿಲ್ಲ; ಬೇರೆ ಜಾಗ ಸೂಚಿಸಿ. ನಿಮ್ಮ ಬಯಲು ಊರಿನ ಮಂದ್ (ಹಬ್ಬಕ್ಕೆ ಊರವರು ಸೇರುವ ಬಯಲು) ಕೂಡ ಆಗಿದ್ದರೆ ಇನ್ನಷ್ಟು ಎಚ್ಚರ ಬೇಕು. ಸುಗ್ಗಿಯ ಹಬ್ಬ ಪುತ್ತರಿಯ ಕೋಲಾಟ ನಡೆಯುವ ನೆಲಕ್ಕೆ ಅಭಿವೃದ್ಧಿಯ ಹೆಸರಿನಲ್ಲಿ ಕಾಂಕ್ರೀಟ್ ಹಾಕಿಸಬೇಡಿ, ಅಲ್ಲಿನ ಮರಕ್ಕೆ ಸಿಮೆಂಟಿನ ಕಟ್ಟೆ ಕಟ್ಟಿ ಬೇರು ಉಸಿರುಗಟ್ಟುವಂತೆ ಮಾಡಬೇಡಿ, ಊರಿನ ಮುಖ್ಯಸ್ಥರಾದ ತಕ್ಕರನ್ನೂ ಹಿರಿಯರನ್ನೂ ಕೇಳದೆ ನಕ್ಷೆ ಬರೆಯಬೇಡಿ.

ಪ್ರಶ್ನೆ: ಪಾರ್ಕಿನಲ್ಲಿ ಹಲಸು, ಮಾವಿನಂಥ ಹಣ್ಣಿನ ಮರಗಳನ್ನು ಬೆಳೆಸೋಣವೆಂದು ನಮ್ಮ ಮಹಿಳಾ ಸಂಘದ ಆಸೆ. ಇದು ಸೂಕ್ತವೆ? — ಓದುಗರು, ಸಿದ್ದಾಪುರ

ಉತ್ತರ: ನಿಮ್ಮ ಭಾಗದಲ್ಲಿ ಹಲಸು ಖಂಡಿತ ಬೇಡ. ಹಣ್ಣಾಗುವ ಕಾಲಕ್ಕೆ ಆನೆಗಳು ವಾಸನೆ ಹಿಡಿದು ಬರುತ್ತವೆ ಎಂಬುದನ್ನು ನಿಮಗೆ ನಾವು ಹೇಳಬೇಕಾಗಿಲ್ಲ. ಮಕ್ಕಳು ಆಡುವ ಜಾಗಕ್ಕೆ ಅವುಗಳನ್ನು ಕರೆದಂತಾಗುತ್ತದೆ. ಸಂಪಿಗೆ, ಹೊಂಗೆ, ಹೊನ್ನೆಯಂಥ ಮರಗಳನ್ನು ಅಂಚಿನಲ್ಲಿ ನೆಡಿ. ಗಾಳಿಮಳೆಗೆ ಬೇಗ ಮುರಿಯುವ ಸಿಲ್ವರ್ ಓಕ್ ಮತ್ತು ಗುಲ್‌ಮೊಹರನ್ನು ಉಯ್ಯಾಲೆ, ಬೆಂಚುಗಳ ಹತ್ತಿರ ಇಡಬೇಡಿ. ಕಣಗಿಲೆಯ ಎಲೆ, ಹೂವು, ಕಾಂಡ ಎಲ್ಲವೂ ವಿಷ. ಮಕ್ಕಳ ಪಾರ್ಕಿನಲ್ಲಿ ಈಗಾಗಲೇ ಇದ್ದರೆ ತೆಗೆಸಿ. ದೊಡ್ಡ ಮರ ಕಡಿಯಬೇಕಾಗಿ ಬಂದರೆ ಮಾತ್ರ 1976ರ ಮರ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕಾಗಬಹುದು, ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಪ್ರಶ್ನೆ: ನಮ್ಮ ಊರಿನ ಮೈದಾನದಲ್ಲಿ ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ ಹುಡುಗರ ಕ್ರಿಕೆಟ್. ನಾವು ಹುಡುಗಿಯರು ಹಾಕಿ ಅಭ್ಯಾಸಕ್ಕೆ ಹೋದರೆ ಜಾಗವಿಲ್ಲ ಎನ್ನುತ್ತಾರೆ. ಈಗ ಮೈದಾನದ ಅಭಿವೃದ್ಧಿಗೆ ಸಮಿತಿ ರಚಿಸಿದ್ದಾರೆ, ಅದರಲ್ಲಿ ಒಬ್ಬ ಮಹಿಳೆಯೂ ಇಲ್ಲ. — ಕಾಲೇಜು ವಿದ್ಯಾರ್ಥಿನಿ, ಪೊನ್ನಂಪೇಟೆ

ಉತ್ತರ: ನಿಮ್ಮ ದೂರು ನ್ಯಾಯವಾದದ್ದು. ಹಾಕಿ ಉತ್ಸವದಲ್ಲಿ ಕುಟುಂಬದ ತಂಡಗಳಲ್ಲಿ ಹೆಣ್ಣುಮಕ್ಕಳೂ ಗಂಡಸರೊಂದಿಗೆ ಅಂಗಳಕ್ಕಿಳಿಯುವುದನ್ನು ಹೆಮ್ಮೆಯಿಂದ ನೋಡುವ ನಾವು, ಅವರು ಅಭ್ಯಾಸ ಮಾಡಲು ಉಳಿದ ದಿನಗಳಲ್ಲಿ ಜಾಗ ಎಲ್ಲಿದೆ ಎಂದು ಕೇಳಿಕೊಳ್ಳುವುದಿಲ್ಲ. ಸಮಿತಿ ಈಗಷ್ಟೇ ರಚನೆಯಾಗಿರುವುದು ನಿಮಗೆ ಅನುಕೂಲ. ನಿಮ್ಮ ವಾರ್ಡಿನ ಮಹಿಳಾ ಸದಸ್ಯರನ್ನೂ ಶಾಲೆಯ ದೈಹಿಕ ಶಿಕ್ಷಕರನ್ನೂ ಜೊತೆಗೆ ಕರೆದುಕೊಂಡು ಮೂರು ಬೇಡಿಕೆಗಳನ್ನು ಬರಹದಲ್ಲಿ ಕೊಡಿ: ಸಮಿತಿಯಲ್ಲಿ ಆಡುವ ಹುಡುಗಿಯರಿಗೇ ಸ್ಥಾನ, ವಾರದಲ್ಲಿ ನಿಗದಿತ ಸಂಜೆಗಳು ನಿಮ್ಮ ತಂಡಕ್ಕೆಂದು ಗೇಟಿನ ಫಲಕದಲ್ಲಿ ಬರೆದ ವೇಳಾಪಟ್ಟಿ, ಹಾಗೂ ಬೀಗ ಹಾಕಿ ಇಡದೆ ಪ್ರತಿದಿನ ತೆರೆದಿರುವ ನೀರಿನ ಸೌಲಭ್ಯದ ಶೌಚಾಲಯ.

ಮೂರನೆಯದನ್ನು ಹಲವರು ಕೊನೆಗೆ ತಳ್ಳುತ್ತಾರೆ. ಅನುಭವದಿಂದ ಹೇಳುವುದಾದರೆ, ಶೌಚಾಲಯವಿಲ್ಲದ ಮೈದಾನಕ್ಕೆ ಹನ್ನೆರಡು-ಹದಿಮೂರು ವರ್ಷದ ನಂತರ ಹುಡುಗಿಯರು ಬರುವುದೇ ನಿಂತುಹೋಗುತ್ತದೆ. ಅದು ಮೈದಾನದ ಹಿಂಭಾಗದ ಪೊದೆಯ ಬದಿಯಲ್ಲಿ ಬೇಡ, ರಸ್ತೆಯಿಂದ ಕಾಣುವ ಗೇಟಿನ ಹತ್ತಿರ ಇರಲಿ. ಕತ್ತಲಾದ ಮೇಲೆ ಗೇಟಿನಿಂದ ಮುಖ್ಯರಸ್ತೆಯವರೆಗಿನ ದಾರಿಗೆ ದೀಪ ಬೇಕೆಂಬುದನ್ನೂ ಸೇರಿಸಿ. ಹುಡುಗರು ವಿರೋಧಿಸಿದರೆ ಮೈದಾನದ ಒಂದು ಬದಿಯಲ್ಲಿ ಬಲೆ ಕಟ್ಟಿ ಕ್ರಿಕೆಟ್ ಅಭ್ಯಾಸಕ್ಕೆ ಪ್ರತ್ಯೇಕ ಜಾಗ ಮಾಡಿಕೊಡುವ ಸಲಹೆಯನ್ನು ನೀವೇ ಮುಂದಿಡಿ. ಒಂದು ಕ್ರಿಕೆಟ್ ಪಂದ್ಯ ಇಡೀ ಮೈದಾನವನ್ನು ಹಿಡಿದುಕೊಳ್ಳುವುದು ಅದರಿಂದ ತಪ್ಪುತ್ತದೆ.

ಪ್ರಶ್ನೆ: ನಮ್ಮ ಪಾರ್ಕಿನ ಉದ್ಘಾಟನೆ ಅದ್ದೂರಿಯಾಗಿ ನಡೆಯಿತು. ಈಗ ಹುಲ್ಲು ಒಣಗಿದೆ, ಉಯ್ಯಾಲೆಯೊಂದು ಕಳಚಿದೆ. ಇದು ಯಾರ ಹೊಣೆ? — ಓದುಗರು, ಕುಶಾಲನಗರ

ಉತ್ತರ: ಉಯ್ಯಾಲೆಯ ವಿಷಯದಲ್ಲಿ ಮೊದಲು ಕಾಮಗಾರಿಯ ಕರಾರು ಪತ್ರ ನೋಡಿ. ದೋಷ ಹೊಣೆಗಾರಿಕೆಯ ಅವಧಿ ಮುಗಿದಿರದಿದ್ದರೆ ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ಸರಿಪಡಿಸಿಕೊಡಬೇಕು. ಅಲ್ಲಿಯವರೆಗೆ ಇನ್ನೊಂದು ಉಯ್ಯಾಲೆಯನ್ನೂ ಕಟ್ಟಿಹಾಕಿಸಿ, ಏಕೆಂದರೆ ಒಂದೇ ಕಾಲಕ್ಕೆ ಬಂದ ಕೊಂಡಿಗಳು ಒಂದೇ ರೀತಿ ಸವೆದಿರುತ್ತವೆ. ಹುಲ್ಲಿನ ಮಾತು ಬೇರೆ. ಮಡಿಕೇರಿಯ ಮಳೆಯ ಸಣ್ಣ ಪಾಲಷ್ಟೇ ಕುಶಾಲನಗರಕ್ಕೆ ಬೀಳುತ್ತದೆ. ಮಡಿಕೇರಿಯಲ್ಲಿ ತಾನಾಗಿ ಹಸಿರಾಗಿರುವ ಹುಲ್ಲುಹಾಸು ನಿಮ್ಮಲ್ಲಿ ಫೆಬ್ರವರಿಯಿಂದ, ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬರುವವರೆಗೆ, ಹೂಮಳೆ ಕೈಕೊಟ್ಟರೆ ಮೇ ತನಕ, ನೀರು ಕೇಳುತ್ತದೆ. ಕುಡಿಯುವ ನೀರನ್ನು ಅದಕ್ಕೆ ಸುರಿಯುವುದು ಸರಿಯಲ್ಲ. ಹುಲ್ಲುಹಾಸನ್ನು ಮಕ್ಕಳು ಆಡುವ ಭಾಗಕ್ಕೆ ಸೀಮಿತಗೊಳಿಸಿ, ಉಳಿದ ಕಡೆ ನೆರಳಿನ ಮರ ಮತ್ತು ತರಗೆಲೆಯ ಹೊದಿಕೆ ಸಾಕು.

ಮುಂದಿನ ಆಯವ್ಯಯಕ್ಕೆ ಮೊದಲು, ಜನವರಿಯಲ್ಲೇ, ಸ್ಥಳೀಯ ಸಂಸ್ಥೆಗೆ ಪತ್ರ ಬರೆದು ಪಾರ್ಕಿನ ನಿರ್ವಹಣೆಗೆಂದು ಪ್ರತ್ಯೇಕ ಮೊತ್ತ ತೋರಿಸುವಂತೆ ಕೇಳಿ. ಅಷ್ಟರೊಳಗೆ ನಿವಾಸಿಗಳಲ್ಲಿ ಇಬ್ಬರನ್ನು ಗೊತ್ತುಮಾಡಿ, ತಿಂಗಳ ಮೊದಲ ಭಾನುವಾರ ಉಯ್ಯಾಲೆಯ ಕೊಂಡಿ, ಜಾರುಬಂಡಿಯ ಬೋಲ್ಟು, ಬೆಂಚಿನ ಹಲಗೆ, ಚರಂಡಿಯ ಬಾಯಿ ಇವನ್ನು ನೋಡಿ ಒಂದು ಪುಸ್ತಕದಲ್ಲಿ ಬರೆದಿಡುವ ವ್ಯವಸ್ಥೆ ಮಾಡಿ. ದೂರು ಕೊಡುವಾಗ ಆ ಪುಟದ ಪ್ರತಿಯನ್ನು ಲಗತ್ತಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.